ಮುಂಜಾನಿಗೂ ಸಂಜಿಗೂ ನಡುವಿನ ನೀರು

ನಾ ಮಾಡಿದ ಮೊದಲನೇ ಕಾಲುವಿ ವಿಡಿಯೋ ನೋಡಿ ಮಂದಿ ಎಲ್ಲಾ ಹೊಗಳಿದ್ರು. ಅಂಥಾ ಅವಮಾನ ನನಗ ಅದಕ್ಕಿಂತ ಮೊದಲೂ ಆಗಿರಲಿಲ್ಲ, ಆಮ್ಯಾಲೂ ಆಗಿಲ್ಲ. "ಭಾಳ ಚಂದ ಬಂದದ ನೋಡ್ರಿ ಟೀಚರ" ಅಂತ ಒಬ್ಬೊಬ್ಬರು ಅಂದಾಗೂ ನಮ್ಮ ಅಕ್ಕನ ಮಾರಿ ಸಣ್ಣದಾಗ್ತಾ ಹೋತು. ಅದು ಚಂದ ಕಾಣಲಿ ಅಂತ ಮಾಡಿದ್ದಲ್ಲ. ಅಕ್ಕ ಸುಳ್ಳು ಹೇಳಾಕತ್ತಿಲ್ಲ ಅಂತ ಸಾಬೀತು ಮಾಡ್ಲಿಕ್ಕೆ ಮಾಡಿದ್ದು.

ನಾ ಶಹಾಪುರದಾಗ ಸಾಲಿ ಟೀಚರ್, ಗಣಿತ ಹೇಳ್ತೀನಿ. ಅಕ್ಕನ್ನ ಕೊಟ್ಟಿದ್ದು ಸುರಪುರ ಕಡಿ ಒಂದು ಹಳ್ಳಿಗಿ. ಆಕಿ ಗಂಡ, ನಮ್ಮ ಮಾಮಾ, ಯಾದಗಿರಿಗಿ ಅಂಗಡಿ ಕೆಲಸಕ್ಕ ಹೋಗ್ತಾರ, ಹೊಲದ ಕಾರಭಾರ ಎಲ್ಲಾ ಅಕ್ಕಂದೇ. ಆ ಹೊಲ ಇರೋದು ಕಾಲುವಿ ತುದಿಗಿ. ನಾರಾಯಣಪುರದಿಂದ ಹೊಂಟ ನೀರು ಅಷ್ಟೂ ಊರು ದಾಟಿ ಕಟ್ಟಕಡೀಗೆ ಅಕ್ಕನ ಭತ್ತಕ್ಕ ಬರಬೇಕು. ನೀರಿಗಿ ಪಾಳಿ ಅದ. ತುದಿ ಹೊಲದ ಪಾಳಿ ಇದ್ದ ದಿನ ಮ್ಯಾಲಿನವರು ತಮ್ಮ ಗೇಟ್ ಮುಚ್ಚಬೇಕು. ತುದ್ಯಾಗ ಒಂದು ಕಲ್ಲಿನ ಕಂಬಕ್ಕ ಅಡಿ ಗುರುತಿನ ಗೇಜ್ ಪಟ್ಟಿ ಹಚ್ಚ್ಯಾರ. ನೀರಿನ ಲೆಕ್ಕ ಬರಿಯೋ ಅಣ್ಣ ಮುಂಜಾನಿ ಏಳಕ್ಕೊಮ್ಮೆ, ಸಂಜಿ ಐದಕ್ಕೊಮ್ಮೆ ಗಾಡಿ ಮ್ಯಾಲ ಬಂದು, ಪಟ್ಟಿ ನೋಡಿ, ಪುಸ್ತಕದಾಗ ಬರಕೊಂಡು ಹೋಗ್ತಾನ. ಎರಡೂ ಹೊತ್ತು ಮೂರಡಿ. ಪುಸ್ತಕ ತುಂಬ ಬರೀ ಮೂರಡಿ.

ಅಕ್ಕ ಹೇಳೋದು ಬ್ಯಾರೆ. ಆತ ಮುಂಜಾನಿ ಬರಕೊಂಡು ಹೋದ ಮ್ಯಾಲ ನೀರು ಇಳೀತದ, ಸಂಜಿಗಿ ಆತ ಬರೋದ್ರಾಗ ಮತ್ತ ಏರ್ತದ. ನಡುವಿನ ಹೊತ್ತಿನಾಗ ಮ್ಯಾಲ ಯಾರೋ ಗೇಟ್ ತೆಗೀತಾರ. ಇದನ್ನ ನೀರು ಹಂಚೋ ಸಭಾದಾಗ ಆಕಿ ಎದ್ದು ನಿಂತು ಹೇಳಿದ್ಲು. ಮ್ಯಾಲಿನ ಊರಿನ ಹಿರಿಯರೊಬ್ರು ಟಾವೆಲ್ ಜಾಡಿಸಿ ಹೆಗಲ ಮ್ಯಾಲ ಹಾಕೊಂಡು, "ಪುಸ್ತಕದಾಗ ಮೂರಡಿ ಅದವಾ. ನೀ ಮಧ್ಯಾಹ್ನ ಗಿಡದ ಬುಡಕ ಮಲಗಿ ಎದ್ದು ನೀರಿಲ್ಲ ಅಂದ್ರ ಯಾರು ನಂಬಬೇಕು" ಅಂದ್ರು. ಮಂದಿ ನಕ್ಕರು. ಸಭಾ ನಡಸೋ ನೀರಾವರಿ ಇಂಜಿನಿಯರ್ ಸಾಹೇಬರು ನಗಲಿಲ್ಲ, ಆದ್ರ ಅವರೂ ಪುಸ್ತಕಾನೇ ನೋಡಬೇಕಲ್ಲ. "ಅಕ್ಕಾರ, ಬರದದ್ದು ಬಿಟ್ಟು ನಾ ಏನ್ ಮಾಡ್ಲಿ? ಗುರುತು ಏನರ ತಂದು ತೋರಸ್ರಿ, ಕೇಳ್ತೀನಿ" ಅಂದ್ರು.

ಇದನ್ನ ಅಕ್ಕ ಫೋನಿನಾಗ ಹೇಳಿದಾಗ ನನಗ ಮೈಯೆಲ್ಲಾ ಉರದಂಗಾತು. ನನಗ ಮೊದಲೇ ಮೂಗಿನ ತುದ್ಯಾಗ ಸಿಟ್ಟು. ಭತ್ತ ಹೊಡಿ ತುಂಬೋ ದಿನ, ಪಾಳಿ ತಪ್ಪಿದ್ರ ತೆನಿ ಜೊಳ್ಳು. ಅದರ ಮ್ಯಾಲ ಮಲಗಿದ್ದಿ ಅನ್ನೋ ಮಾತು. ನಮ್ಮ ಅಕ್ಕ ಹಗಲು ಮಲಗಿದ್ದು ನಾ ಹುಟ್ಟಿದಾಗಿಂದ ನೋಡಿಲ್ಲ.

ಆಗ ನನಗೊಂದು ಹುಚ್ಚು ಹತ್ತಿತ್ತು. ಫೋನ್ ಒಂದೇ ಕಡಿ ಇಟ್ಟು ನಿಮಿಷಕ್ಕೊಂದು ಫೋಟೋ ತೆಗದು, ಆಮ್ಯಾಲ ಎಲ್ಲಾ ಕೂಡಿಸಿ ಓಡಿಸಿದ್ರ ಇಡೀ ದಿನ ಒಂದು ಗಳಿಗ್ಯಾಗ ಮುಗೀತದ. ಅದಕ್ಕ ಟೈಮ್‌ಲ್ಯಾಪ್ಸ್ ಅಂತಾರ. ನಮ್ಮ ಮನಿ ಮಾಳಗಿ ಮ್ಯಾಲ ನಿಂತು ಮಲಗಿದ ಬುದ್ಧನಂಗ ಕಾಣೋ ಗುಡ್ಡದ ಮ್ಯಾಲ ಮೋಡ ಓಡೋದನ್ನ ತೆಗದು ಸ್ಟೇಟಸ್ ಇಡ್ತಿದ್ದೆ. ಸ್ಟಾಫ್ ರೂಮಿನಾಗ ಮಂದಿ ವಾಹ್ ಅಂದ್ರ ನಾ ಉಬ್ಬತಿದ್ದೆ. "ಅಕ್ಕಾ, ತಡಿ. ಪಾಳಿ ದಿನ ರಜಾ ಹಾಕಿ ಬರ್ತೀನಿ" ಅಂದೆ.

ಬಂದು, ಕಾಲುವಿ ಒಡ್ಡಿನ ಮ್ಯಾಲ ಫೋನ್ ಇಟ್ಟೆ. ಬಿಸಿಲಿಗಿ ಅದು ತಾಸಿನ್ಯಾಗ ಕಾದು ಬಂದ್ ಆತು. ಅಕ್ಕ ಮನಿಗಿ ಹೋಗಿ ಬಾಯಿ ಒಡದ ಒಂದು ಗಡಗಿ ತಂದು, ಒಡ್ಡಿನಾಗ ಅಡ್ಡ ಹೂತು, ಮ್ಯಾಲ ಹಸಿ ಗೋಣಿಚೀಲ ಹೊಚ್ಚಿ, ಅದರೊಳಗ ಫೋನ್ ಇಟ್ಲು. ಸಂಜೀತನಕ ಫೋನ್ ತಣ್ಣಗಿತ್ತು. ನಾ ಬಿಎಡ್ ಮಾಡಿದಾಕಿ, ನನಗ ಇದು ಹೊಳೀಲಿಲ್ಲ.

ಅಷ್ಟು ಚಂದ ಆಕಿ ಮಾಡಿಕೊಟ್ಟಿದ್ದನ್ನ ಕೆಡಿಸಿದಾಕಿ ನಾನು. ಫೋನಿನಾಗ ಇದ್ದ ಫುಕಟ್ ಆ್ಯಪಿನಾಗ ಹಾಕಿ, ಸ್ಟೇಟಸ್‌ಗೆ ಬರೋಬ್ಬರಿ ಆಗಲಿ ಅಂತ ಉದ್ದಕ್ಕ ಕತ್ತರಿಸಿ, ಹತ್ತು ಸೆಕೆಂಡಿಗಿ ಇಳಿಸಿ, ಹಿಂದ ಕೊಳಲಿನ ದನಿ ಹಾಕಿದೆ. ಒಂದು ಚಿತ್ರ ಇನ್ನೊಂದರಾಗ ಕರಗೋ ಹಂಗ ಮಾಡೋ ಒಂದು ಸೆಟ್ಟಿಂಗ್ ಅದ, ಅದನ್ನೂ ಒತ್ತಿದೆ. ನೀರು ಹಾಲಿನಂಗ ಆತು. ಅದನ್ನ ವಾಟ್ಸ್ಆ್ಯಪಿನಾಗ ಕಳಿಸಿದೆ, ಅದು ತಾನೂ ಇನ್ನಷ್ಟು ಹಿಂಡಿತು. ಸಭಾದಾಗ ತೋರಿಸಿದಾಗ ಇಂಜಿನಿಯರ್ ಸಾಹೇಬರು ಕನ್ನಡಕ ತೆಗದು ಒರಸಿ ಮತ್ತ ನೋಡಿದ್ರು. "ಟೀಚರ, ಪಟ್ಟಿ ಮ್ಯಾಲಿನ ಅಂಕಿ ಕಾಣವಲ್ದು. ನೀರು ಇಳದಿದ್ದು ಎಷ್ಟೊತ್ತಿಗಿ?" ನಾ ಮತ್ತೊಮ್ಮೆ ಓಡಿಸಿದೆ, ಮತ್ತ ಅದೇ ಹಾಲಿನಂಥಾ ನೀರು. ಆ ಹಿರಿಯರು ಮಾತ್ರ, "ನಮ್ಮ ಕಾಲುವಿ ಇಷ್ಟು ಚಂದ ಅದ ಅಂತ ನನಗ ಗೊತ್ತೇ ಇರಲಿಲ್ಲ, ನನಗೂ ಒಂದು ಕಳಸವಾ" ಅಂದ್ರು.

ಹೊಲದ ದಾರ್ಯಾಗ ಅಕ್ಕ ನನಗಿಂತ ನಾಕು ಹೆಜ್ಜಿ ಮುಂದ ನಡದ್ಲು. ಆಮ್ಯಾಲ, "ನಾ ದಿನ ಪೂರ್ತಿ ನಿಂತು ನೋಡಿದ್ದನ್ನ ಹತ್ತು ಸೆಕೆಂಡಿನಾಗ ಮುಗಿಸಿದೆಲ್ಲ ತಂಗಿ" ಅಂದ್ಲು. ಬೈದಿದ್ರ ಚಲೋ ಇತ್ತು.

ಸಾಹೇಬರು ಇನ್ನೊಂದು ಸಭಾತನಕ ಟೈಮ್ ಕೊಟ್ಟಿದ್ರು. ನಡುವ ಒಂದೇ ಪಾಳಿ. ಆ ಐತಾರ ಸಾಲಿ ಕಂಪ್ಯೂಟರ್ ಕೋಣ್ಯಾಗ ಕುಂತು, ಮೊದಲಿನ ಫೋಟೋನೇ ಕೊಟ್ಟು ಮೂರು ಸಾಫ್ಟ್‌ವೇರ್ ಹಾಕಿ ನೋಡಿದೆ. ಒಂದು ತನ್ನ ಹೆಸರು ಅಡ್ಡ ಬರೀತಿತ್ತು, ಅದೂ ಬರೋಬ್ಬರಿ ಗೇಜ್ ಪಟ್ಟಿ ಮ್ಯಾಲ. ಇನ್ನೊಂದು ಬೆಳಕು ತಾನೇ ತಿದ್ದತೀನಿ ಅಂತ ಹೇಳಿ ನೆರಳು ಬಿಸಿಲು ಎಲ್ಲಾ ಒಂದೇ ಮಾಡಿಬಿಡ್ತು. ಮೂರನೇದು ನೋಡ್ಲಿಕ್ಕೆ ಬಡವ, ಆದ್ರ ಹೇಳಿದಷ್ಟೇ ಮಾಡ್ತಿತ್ತು: ಕೊಟ್ಟ ಫೋಟೋ ಸಾಲಾಗಿ ಜೋಡಿಸಿ, ಸೆಕೆಂಡಿಗಿ ಎಷ್ಟು ಬೇಕು ಅಂತ ಕೇಳ್ತಿತ್ತು. ಅದನ್ನ ಇಟ್ಟುಕೊಂಡೆ.

ಇನ್ನ ಲೆಕ್ಕ. ಮುಂಜಾನಿ ಆರರಿಂದ ಸಂಜಿ ಆರು, ನಿಮಿಷಕ್ಕೊಂದು, ಏಳುನೂರಾ ಇಪ್ಪತ್ತು ಫೋಟೋ. ಸೆಕೆಂಡಿಗಿ ಇಪ್ಪತ್ನಾಕು ಹಾಕಿದ್ರ ಅರ್ಧ ನಿಮಿಷದಾಗ ಖಲಾಸ್, ಒಂದು ತಾಸು ಕಣ್ಣು ಮಿಟುಕಿಸೋದ್ರಾಗ ಹೋಗ್ತದ. ಆರು ಹಾಕಿದೆ. ಒಂದು ತಾಸು ಹತ್ತು ಸೆಕೆಂಡ್, ಇಡೀ ದಿನ ಎರಡು ನಿಮಿಷ. ವಿಡಿಯೋ ಬಿಕ್ಕಿ ಬಿಕ್ಕಿ ಓಡ್ತಿತ್ತು. ಓಡ್ಲಿ, ಒಂದೊಂದು ಚಿತ್ರಾನೂ ನಿಂತು ಕಾಣಬೇಕು. ಕರಗಿಸೋ ಸೆಟ್ಟಿಂಗ್ ಬಂದ್. ಕತ್ತರಿಸೋದು ಬಂದ್. ಕೊಳಲೂ ಬಂದ್. ಫೈಲ್ ಸಣ್ಣದು ಮಾಡಬೇಕಾ ಅಂತ ಕೇಳಿತು, ಬ್ಯಾಡ ಅಂದು, ಚಿತ್ರ ಎಷ್ಟು ಸ್ವಚ್ಛ ಇರಬೇಕು ಅನ್ನೋ ಬಿಟ್‌ರೇಟ್ ಮ್ಯಾಲ ಏರಿಸಿದೆ, ಅಂಕಿ ಚುಕ್ಕಿ ಚುಕ್ಕಿ ಆಗಿ ಒಡೀಬಾರದಲ್ಲ. ಹೊಸ ನಮೂನಿ ಫೈಲ್ ಮಾಡಿ ನೋಡಿದ್ರ ಸಾಲಿ ಹಳೇ ಕಂಪ್ಯೂಟರಿನಾಗ ಬರೀ ಕರೀ ಪರದಾ. ಸಭಾ ಕೂಡೋ ನೀರಾವರಿ ಆಫೀಸಿನಾಗೂ ಇದೇ ವಯಸ್ಸಿನ ಕಂಪ್ಯೂಟರ್ ಇರ್ತದ ಅಂತ, ಎಲ್ಲಾ ಕಡಿ ಓಡೋ ಹಳೇ ಎಂಪಿ ಫೋರ್ ನಮೂನೀನೇ ಆರಿಸಿದೆ.

ಒಂದೇ ಉಳೀತು: ಟೈಮ್. ವಿಡಿಯೋದಾಗ ನಾನೇ ಬರದ್ರ, ಟೀಚರ ಮನ್ಯಾಗ ಕುಂತು ಬರದಾರ ಅಂತಾರ. ಪಾಳಿ ಹಿಂದಿನ ದಿನ ಅಕ್ಕನ ಮನಿಗಿ ಹೋಗಿ ಇದನ್ನ ಹೇಳಿದಾಗ ಆಕಿ ಎದ್ದು ಒಳಗ ಹೋಗಿ, ತನ್ನ ಮದುವ್ಯಾಗ ಮುಯ್ಯಿ ಬಂದ ಗ್ವಾಡಿ ಗಡಿಯಾರ ಮೊಳೆಯಿಂದ ಇಳಿಸಿಕೊಂಡು ಬಂದ್ಲು. ಪಾಳಿ ದಿನ ಹೊತ್ತು ಮೂಡೋದ್ರಾಗ ಅದನ್ನ ಗೇಜ್ ಪಟ್ಟಿ ಬಾಜೂಕ, ಕಂಬಕ್ಕ ಸುತಳಿಲೆ ಕಟ್ಟಿದ್ವಿ. ಎದುರಿನ ಒಡ್ಡಿನಾಗ ಗಡಗಿ. ಈ ಸಲ ಬೆಳಕು, ಫೋಕಸ್ ಎರಡೂ ಲಾಕ್ ಮಾಡಿದೆ. ಏಳಕ್ಕ ಬಂದ ಲೆಕ್ಕದ ಅಣ್ಣ ಗಡಿಯಾರ ನೋಡಿ ದಂಗಾದ. "ಏನ್ರೀ ಅಕ್ಕಾರ ಇದು?"

"ಹೊಲಕ್ಕ ಬಂದಾಗ ಟೈಮ್ ಗೊತ್ತಾಗಂಗಿಲ್ಲಪಾ" ಅಂದ್ಲು ಅಕ್ಕ, ಮಾರಿ ಒಂದಿಷ್ಟೂ ಅಲಗಾಡಿಸದೆ. ನಾ ಗೋಣಿಚೀಲದ ಹಿಂದ ನಗು ತಡಕೊಳ್ಳಾಕ ಆಗದೆ ಸೆರಗು ಕಚ್ಚಿದೆ.

ಸಭಾ ದಿನ ಪೆನ್ ಡ್ರೈವ್ ಒಯ್ದೆ, ವಾಟ್ಸ್ಆ್ಯಪ್ ಹಿಂಡದಂಗ ಸಾಹೇಬರ ಫೋನಿಗಿ ಡಾಕ್ಯುಮೆಂಟ್ ಅಂತ ಬ್ಯಾರೆ ಕಳಿಸಿಟ್ಟಿದ್ದೆ. ಆಫೀಸಿನ ಕಂಪ್ಯೂಟರ್ ಗುರ್ರ್ ಅಂತ ಒಂದೆರಡು ಸಲ ಯೋಚನಿ ಮಾಡಿ, ಓಡಿಸ್ತು. ಗಡಿಯಾರದಾಗ ಆರು, ನೀರು ಮೂರಡಿ. ಏಳಕ್ಕ ಅಣ್ಣ ಬಂದು ಬರಕೊಂಡು ಹೋದ, ಮೂರಡಿ. ಎಂಟೂವರಿಗಿ ನೀರು ಮೂರರ ಗುರುತು ಬಿಟ್ಟು ಜಾರಾಕತ್ತಿತು. ಹತ್ತಕ್ಕ ಎರಡು. ಹನ್ನೆರಡಕ್ಕ ಒಂದು. ಹಿಂದ ಕುಂತವರು ಎದ್ದು ಮುಂದ ಬಂದ್ರು. ಒಂದು ಗಂಟೆಗಿ ಪಟ್ಟಿ ಬುಡದ ಪಾಚಿ ಕಾಣ್ತು. ಮೂರೂವರಿಗಿ ಮತ್ತ ಏರಾಕತ್ತಿತು, ಐದಕ್ಕ ಅಣ್ಣ ಬಂದು ಗಾಡಿ ನಿಲ್ಲಿಸೋದ್ರಾಗ ಮೂರಡಿ.

"ಒಂದು ಗಂಟೆಗಿ ತಂದು ನಿಲ್ಲಸ್ರಿ" ಅಂದ್ರು ಸಾಹೇಬರು. ನಿಲ್ಲಿಸಿದೆ. ಅವರು ಎದ್ದು ಹೋಗಿ ಪರದಾಕ್ಕ ಮೂಗು ಹಚ್ಚೋವಷ್ಟು ಹಂತ್ಯಾಕ ನಿಂತು, ಮೊದಲು ಗಡಿಯಾರ, ಆಮ್ಯಾಲ ಪಟ್ಟಿ, ಎರಡೂ ದನಿ ಮಾಡಿ ಓದಿದ್ರು. ಲೆಕ್ಕದ ಅಣ್ಣ ಎದ್ದು ನಿಂತ. "ಸಾಹೇಬ್ರ, ನಾ ಬರದದ್ದೂ ಖರೆ, ಅಕ್ಕಾರ ಹೇಳಿದ್ದೂ ಖರೆ" ಅಂದ. ಹಿರಿಯರು ಟಾವೆಲ್ ತೆಗದು ಮಾರಿ ಒರಸಿಕೊಂಡ್ರು. ನಾ ಸುಮ್ಮನಿರೋಕಿ ಅಲ್ಲ, "ಈ ವಿಡಿಯೋನೂ ನಿಮಗ ಕಳಸ್ಲೇನ್ರಿ?" ಅಂತ ಕೇಳಿಬಿಟ್ಟೆ. ಈ ಸಲ ಮಂದಿ ನಕ್ಕಿದ್ದು ನಮ್ಮ ಕಡಿ. ನನಗಾದ ಖುಷಿ ಹೇಳಬೇಕಂದ್ರ, ಗುಡ್ಡದ ಮ್ಯಾಲಿನ ಮೋಡ ಎಲ್ಲಾ ಕೂಡಿಸಿದ್ರೂ ಅಷ್ಟಾಗಲಿಲ್ಲ.

ತುದಿ ಪಾಳಿ ದಿನ ಮ್ಯಾಲಿನ ಗೇಟಿಗಿ ಕೀಲಿ ಹಾಕಬೇಕು ಅಂತ ಅಲ್ಲೇ ಠರಾವ್ ಆತು. ಪುಸ್ತಕದಾಗ ಮಧ್ಯಾಹ್ನದ ಲೆಕ್ಕಕ್ಕೂ ಒಂದು ಖಾನೆ ಹಾಕ್ರಿ ಅಂದ್ರು ಸಾಹೇಬರು. ಮಧ್ಯಾಹ್ನ ಅಲ್ಲಿ ಇರೋರು ಯಾರು ಅಂತ ಪ್ರಶ್ನಿ ಬಂತು. ಸಾಹೇಬರು ಅಕ್ಕನ ಕಡಿ ತಿರುಗಿ, "ಅಕ್ಕಾರ, ನೀವು ಇರ್ತೀರಿ ಅಂತ ಈಗ ಎಲ್ಲಾರಿಗೂ ಗೊತ್ತಾತಲ್ಲ. ನೀವೇ ಬರೀರಿ" ಅಂದ್ರು.

ಮುಂದಿನ ಪಾಳಿಗಿ ನಾ ಮತ್ತ ರಜಾ ಹಾಕಿ ಹೋದೆ. ಗಡಿಯಾರ ಅಲ್ಲೇ ಕಂಬದ ಮ್ಯಾಲ ಒಂದು ಗಂಟೆ ತೋರಸ್ತಿತ್ತು. ನೀರು ಮೂರಡಿ, ಭತ್ತದ ಮಡಿ ತುಂಬ ನೀರು. ಅಕ್ಕ ಕೈ ತೊಳಕೊಂಡು, ಸೆರಗಿಗಿ ಒರಸಿಕೊಂಡು, ಅಣ್ಣ ಗೆರಿ ಹೊಡದು ಕೊಟ್ಟ ಪುಸ್ತಕ ತೊಡಿ ಮ್ಯಾಲ ಇಟ್ಟುಕೊಂಡ್ಲು. ಏಳನೇತ್ತಿಗಿ ಸಾಲಿ ಬಿಟ್ಟ ಮ್ಯಾಲ ಆಕಿ ಪೆನ್ನು ಹಿಡದಿದ್ದು ನಾ ನೋಡಿರಲಿಲ್ಲ. ನಾ ಫೋನ್ ಎತ್ತಿದೆ.

"ಏನ್ ಮಾಡಾಕತ್ತಿ?"

"ಟೈಮ್‌ಲ್ಯಾಪ್ಸ್."

"ಬ್ಯಾಡ. ಸಾದಾ ವಿಡಿಯೋ ತೆಗಿ. ನಾ ಎಷ್ಟು ಹೊತ್ತು ಬರೀತೀನೋ ಅಷ್ಟು ಹೊತ್ತೇ ಇರ್ಲಿ ಅದು."

ಆಕಿ ಅಡಿ ಬರದ್ಲು, ಟೈಮ್ ಬರದ್ಲು, ಗಂಡನ ಹೆಸರು ಅಡ್ಡಹೆಸರು ಕೂಡಿಸಿ ತನ್ನ ಪೂರಾ ಹೆಸರು ಸಹಿ ಮಾಡಿದ್ಲು. ನಾಕು ನಿಮಿಷದ ಮ್ಯಾಲಾತು. ಆ ವಿಡಿಯೋದಾಗ ಒಂದು ಸೆಕೆಂಡೂ ನಾ ಕತ್ತರಿಸಿಲ್ಲ.