ಹದಿನೇಳನೆಯ ಪ್ರಶ್ನೆ

ವರದಿ ಬರೆದು ರೂಢಿಯಾದ ಕೈ ನನ್ನದು. ನಿರೂಪಣೆಯಲ್ಲಿ ಕೊರತೆಗಳಿದ್ದರೆ ಓದುವವರು ಮನ್ನಿಸಬೇಕು. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲಿಗಳಾದ್ದರಿಂದ, ಎಲ್ಲಿ ತಪ್ಪಾದೀತೋ ಎಂಬ ಅಂಜಿಕೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಇಲ್ಲಿ ಹೇಳಲಿರುವ ತಪ್ಪು ಕೂಡ ಆ ಅಂಜಿಕೆಯಿಂದಲೇ ಆದದ್ದು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮನಃಶಾಸ್ತ್ರದ ಸಂಶೋಧನೆಗಾಗಿ ನಿವೃತ್ತ ಸೈನಿಕರನ್ನು ಭೇಟಿಯಾಗುತ್ತಿದ್ದೆ. ಯುದ್ಧದಲ್ಲಿ ಜೊತೆಗಾರನನ್ನು ಕಳೆದುಕೊಂಡ ದುಃಖ, ತಾವು ಮಾಡಿದ ಅಥವಾ ಮಾಡದೆ ಬಿಟ್ಟ ಕೆಲಸದ ಕೊರಗು, ಇವೇ ನನ್ನ ವಿಷಯ. ಅಥಣಿ, ರಾಯಬಾಗ, ನಿಪ್ಪಾಣಿ ಎಂದು ಬಸ್ಸಿನಿಂದ ಬಸ್ಸಿಗೆ ಹತ್ತಿಳಿದು, ಒಂದೇ ಪ್ರಶ್ನಾವಳಿಯನ್ನು ಒಂದೇ ದನಿಯಲ್ಲಿ ಓದಿ ಓದಿ ನನ್ನ ಗಂಟಲೂ ಮನಸ್ಸೂ ಒಣಗಿದ್ದವು. ಪಟ್ಟಿಯಲ್ಲಿ ಕೊನೆಗೆ ಉಳಿದವರು ಶೇಡಬಾಳದ ನಮ್ಮ ಮನೆಯಲ್ಲೇ ಇದ್ದ ಕಾಕಾ, ನಮ್ಮಪ್ಪನ ತಮ್ಮ, ನಿವೃತ್ತ ಹವಾಲ್ದಾರರು.

ಕಾಕಾನದೊಂದು ವಿಚಿತ್ರ ನಡವಳಿಕೆ ಮನೆಯವರಿಗೆಲ್ಲ ಗೊತ್ತಿತ್ತು. ಮನೆಗೆ ಬಂದವರಿಗೆ ಮೊದಲು ಸೋಸಿದ ನೀರಿನ ತಂಬಿಗೆ ಕೊಡುವುದು ನಮ್ಮಲ್ಲಿ ರೂಢಿ. ಆದರೆ ಯಾರಾದರೂ ಬಂದರೆ ಕಾಕಾ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. "ದೇಶಾ ಕಾಯ್ದಾನ, ಒಂದ್ ತಂಬಿಗಿ ನೀರ್ ಕೊಡಾಕ ಬರೂದಿಲ್ಲ," ಎಂದು ನಮ್ಮಪ್ಪ ಬಂದವರ ಮುಂದೆ ನಗುತ್ತಿದ್ದರು.

ಪಡಸಾಲೆಯಲ್ಲಿ ಕಾಗದ ಹರವಿ ಕುಳಿತು ನಾನು ಕೇಳಿದೆ: "ತಮಗೆ ರಾತ್ರಿ ಸರಿಯಾಗಿ ನಿದ್ರೆ ಬರುತ್ತದೆಯೆ?"

"ಏನ್ ಬೇ, ಮುಂಜಾನಿ ತನಕಾ ಕಾಕಾ ಅಂತಿದ್ದಿ, ಈಗ 'ತಾವು' ಆದ್ನೇನ?" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, ತಲೆ ತಗ್ಗಿಸಿ ಹೇಳಿದರು: "ಯವ್ವಾ, ನನ್ನ ಕೂಡ ಕಬ್ಬೂರಿನಂವ ಒಬ್ಬ ಇದ್ದ. ಅವ ಸಾಯೂ ಮುಂದ..."

"ಕಾಕಾ, ಅದು ಹದಿನೇಳನೆಯ ಪ್ರಶ್ನೆ. ಮೊದಲು ಇದಕ್ಕೆ ಉತ್ತರ ಹೇಳ್ರಿ."

ಕ್ರಮ ತಪ್ಪಿದರೆ ಮಾರ್ಗದರ್ಶಕರು ಏನೆನ್ನುವರೋ ಎಂಬುದಷ್ಟೇ ಆಗ ನನ್ನ ತಲೆಯಲ್ಲಿತ್ತು. ಕಾಕಾ ಬೆನ್ನು ನೆಟ್ಟಗೆ ಮಾಡಿ ಕುಳಿತರು. ನಿದ್ದೆ ಬರುತ್ತದೆ ಎಂದರು. ಹದಿನೇಳನೆಯದು ಬಂದಾಗ, ಜೊತೆಗಾರನ ಸಾವಿನ ವಿಷಯದಲ್ಲಿ ಮಾಡಬಾರದಿತ್ತು ಎನ್ನಿಸುವ ಕೆಲಸ ಯಾವುದೂ ಇಲ್ಲವೆಂದರು. ಒಂದೂ ಚಿತ್ತಿಲ್ಲದ ಆ ಪ್ರಶ್ನಾವಳಿಯನ್ನು ಕಂಡು ನನಗೆ ಸಮಾಧಾನವಾಗಿತ್ತು.

ನಾಲ್ಕು ತಿಂಗಳ ಮೇಲೆ ಉತ್ತರಗಳನ್ನು ಕೋಷ್ಟಕಕ್ಕೆ ಇಳಿಸುವಾಗ ಆ "ಇಲ್ಲ" ನನ್ನನ್ನು ತಡೆಯಿತು; ಕಬ್ಬೂರಿನವನ ಬಗ್ಗೆ ಅರ್ಧಕ್ಕೆ ನಿಂತ ಮಾತು ನೆನಪಾಯಿತು. ಮರುದಿನವೇ ಊರಿಗೆ ಬಂದೆ. ಕಾಕಾ ಕಬ್ಬಿಗೆ ನೀರು ಹಾಯಿಸುತ್ತಿದ್ದರು. ಕೈಯಲ್ಲಿ ಕಾಗದವಿಲ್ಲದೆ ಬದುವಿನ ಮೇಲೆ ಕುಳಿತೆ.

"ಅವತ್ತ ಏನೋ ಹೇಳಾಕತ್ತಿದ್ದಿರಿ, ಕಾಕಾ. ನಾನ ತಡದೆ."

ಅವರು ಸಲಿಕೆಯಿಂದ ನೀರು ತಿರುಗಿಸುತ್ತಲೇ ಹೇಳಿದರು. "ಅವಗ ಹೊಟ್ಟಿಗೆ ಗುಂಡ ಬಿದ್ದಿತ್ತ. ಅಂಥಾವ್ರಿಗೆ ನೀರ್ ಕೊಡಬಾರದು ಅಂತ ಕಲಿಸಿದ್ರು. ಮೂರ್ ತಾಸ ನೀರ್ ನೀರ್ ಅಂದ. ಉಳೀತಾನ ಅಂತ ನಾ ಕೊಡಲಿಲ್ಲ. ಅವ ಉಳೀಲಿಲ್ಲ. ಅವರವ್ವಗ ಪತ್ರ ಬರದೆ, ನನ್ನ ಕೈಯಾರೆ ಬಾಯಾಗ ನೀರ್ ಬಿಟ್ಟೇನಿ, ತ್ರಾಸಿಲ್ಲದ ಹೋದಾ ಅಂತ. ಇಪ್ಪತ್ತ ವರ್ಷ ಆತು. ಮುದುಕಿ ಇರೂದ್ರಾಗ ಖರೇ ಹೇಳಬೇಕು. ಒಬ್ಬಂವಗ ಧೈರ್ಯ ಸಾಲವಲ್ದು. ನಿನ್ನ ಕರಕೊಂಡ ಹೋಗೂನು ಅಂತ ಅವತ್ತ ಬಾಯಿ ತಗದಿದ್ದೆ. ನೀ ನಂಬರ್ ಹೇಳಿದಿ."

ಮರುದಿನ ಇಬ್ಬರೂ ಕಬ್ಬೂರಿಗೆ ಹೋದೆವು. ಬಾಗಿಲಿಗೆ ಬಂದವನು ಸತ್ತವನ ತಮ್ಮ. "ಬರ್ರಿ," ಎಂದು ಒಳಗೆ ಕರೆದ. ನಾವು ಅವರವ್ವನನ್ನು ಕೇಳಿದೆವು. "ಅವ್ವ ಹೋಗಿ ಇಪ್ಪತ್ತ ದಿನಾ ಆತ್ರಿ," ಎಂದ.

ಅವನ ಹೆಂಡತಿ ನೀರಿನ ತಂಬಿಗೆ ತಂದು ಕಾಕಾನ ಕೈಗೆ ಕೊಟ್ಟಳು. ಅದನ್ನು ಹಿಡಿದುಕೊಂಡೇ ಕಾಕಾ ಎಲ್ಲವನ್ನೂ ಹೇಳಿದರು. ಕೇಳಿ ಮುಗಿದ ಮೇಲೆ ಸತ್ತವನ ತಮ್ಮ ಹೇಳಿದ:

"ಆ ಪತ್ರಾ ಅವ್ವಗ ನಾನ ಓದಿ ಹೇಳತಿದ್ದೆ. ನೀರ್ ಬಿಟ್ಟೇನಿ ಅನ್ನೂ ಸಾಲು ಮತ್ತ ಮತ್ತ ಓದಸ್ತಿದ್ಲು. ಈಗ ನೀವ್ ಹೇಳಿದ್ದು ಚಲೋ ಆತೋ ಏನೋ, ನನಗ ತಿಳೀವಲ್ದ್ರಿ." ಕಾಕಾನ ಕೈಯಲ್ಲಿದ್ದ ತಂಬಿಗೆ ತೋರಿಸಿ, "ನೀರ್ ಕುಡೀರಿ," ಎಂದ.

ಕಾಕಾ ಎರಡು ಗುಟುಕು ಕುಡಿದು ತಂಬಿಗೆಯನ್ನು ನನ್ನ ಕೈಗಿಟ್ಟರು. ನಾಲ್ಕು ತಿಂಗಳ ಹಿಂದೆ ಬಂದಿದ್ದರೆ ಆ ತಾಯಿ ಇರುತ್ತಿದ್ದಳು ಎಂಬುದನ್ನು ಕಾಕಾ ಅಂದೂ ಮುಂದೆಯೂ ನನಗೆ ಹೇಳಲಿಲ್ಲ.

ಕಾಕಾನ ಉತ್ತರಗಳನ್ನು ನಾನು ಪ್ರಬಂಧದಿಂದ ತೆಗೆದುಬಿಟ್ಟೆ. ಮಾರ್ಗದರ್ಶಕರಿಗೆ ಕಾರಣವನ್ನು ಬರೆದುಕೊಡಬೇಕಾಯಿತು, ಪ್ರಬಂಧವೂ ತಡವಾಯಿತು. ನಮ್ಮ ಮನೆಯಲ್ಲಿ ಬದಲಾದದ್ದು ಇಷ್ಟೇ. ಕಬ್ಬೂರಿನ ತಮ್ಮ ವರ್ಷಕ್ಕೊಮ್ಮೆ ನಮ್ಮಲ್ಲಿಗೆ ಬರತೊಡಗಿದ. ಅವನು ಬಂದಾಗ ಕಾಕಾ ಹಿತ್ತಲಿಗೆ ಹೋಗುತ್ತಿರಲಿಲ್ಲ, ಜೊತೆಯಲ್ಲೇ ಕೂಡುತ್ತಿದ್ದರು. ನೀರನ್ನು ಮಾತ್ರ ಅವರು ಯಾರಿಗೂ ಕೊಡಲಿಲ್ಲ. ನಮ್ಮಪ್ಪ ತಮಾಷೆ ಮಾಡುವುದನ್ನು ನಿಲ್ಲಿಸಿ, ತಾವೇ ಎದ್ದು ತಂಬಿಗೆ ತುಂಬಿಸಿ ತರತೊಡಗಿದರು.