ಹೋದ ವರ್ಷದ ಸೈಕಲ್

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮೊದಲಿನ ಮಾತು. ನಾನಾಗ ಧಾರವಾಡದ ಒಂದು ಶಾಲೆಯಲ್ಲಿ ಗಣಿತದ ಮಾಸ್ತರ. ಕೆಲಗೇರಿಯ ದಾರಿಯಲ್ಲಿ ಒಂದು ಬಾಡಿಗೆ ಕೋಣೆ, ಒಬ್ಬನಿಗೇ ಉರಿಯುವ ಒಲೆ. ಶನಿವಾರ ಶಾಲೆ ಬಿಟ್ಟ ಮೇಲೆ ಸೋಮವಾರ ಹಾಜರಿ ಕೂಗುವವರೆಗೆ ಬಾಯಿಂದ ಒಂದು ಮಾತೂ ಹೊರಡದೆ ಹೋದ ವಾರಗಳುಂಟು. ಯಾರಾದರೂ ಕೇಳಿದರೆ, ಜನರ ಗದ್ದಲ ನನಗೆ ಆಗಿಬರುವುದಿಲ್ಲ ಎನ್ನುತ್ತಿದ್ದೆ. ಕೇಳುವವರೂ ಇರಲಿಲ್ಲವೆನ್ನಿ.

ಸೈಕಲ್ ಕೊಳ್ಳಲು ಹುಬ್ಬಳ್ಳಿಯ ದುರ್ಗದಬೈಲಿಗೆ ಹೋದೆ. ಅಂಗಡಿಯಲ್ಲಿ ಎರಡು ಗಾಡಿ ನಿಂತಿದ್ದವು. ಒಂದು ಆ ವರ್ಷ ವಿಲಾಯತಿಯಿಂದ ಬಂದದ್ದು, ಮೈಗೆ ಸುತ್ತಿದ ಕಾಗದವನ್ನೂ ಇನ್ನೂ ಬಿಚ್ಚಿರಲಿಲ್ಲ. ಇನ್ನೊಂದು ಹೋದ ವರ್ಷದ ಮಾಲು, ಯಾರೂ ಒಯ್ಯದೆ ಮೂಲೆಯಲ್ಲಿ ಉಳಿದದ್ದು. ಅದಕ್ಕೆ ಹತ್ತು ರೂಪಾಯಿ ರಿಯಾಯಿತಿ. ನನ್ನ ಕಣ್ಣೆಲ್ಲ ಹೊಸದರ ಮೇಲಿತ್ತು. ಅದಕ್ಕೆ ಬೇಕಾದಷ್ಟು ಹಣವನ್ನೂ ತಂದಿದ್ದೆ.

"ಜೋಡಿ ಯಾರು ಬಂದಾರ್ರಿ?" ಎಂದು ಅಂಗಡಿಯ ಸಾಹುಕಾರರು ನನ್ನ ಬೆನ್ನ ಹಿಂದೆ ನೋಡಿದರು.

ನಮ್ಮ ಕಡೆ ಎತ್ತಾಗಲಿ ಗಾಡಿಯಾಗಲಿ, ಒಬ್ಬನೇ ಹೋಗಿ ಕೊಳ್ಳುವ ಪದ್ಧತಿಯಿಲ್ಲ. ತಿಳಿದವನೊಬ್ಬ ಜೊತೆಗಿರಬೇಕು. ಅವನು ಕೊರತೆ ಹುಡುಕಿ ಮಾಲಿಗೆ ಹೆಸರಿಡಬೇಕು, ಚೌಕಾಶಿ ಮಾಡಬೇಕು, ಕೊನೆಗೆ ಅವನು ಹೂಂ ಎಂದರೆ ವ್ಯಾಪಾರ. ಯಾರೂ ಇಲ್ಲ ಎನ್ನಲು ನಾಚಿಕೆಯಾಯಿತು. "ಬರಾಕತ್ತಾರ್ರಿ" ಎಂದು ಸುಳ್ಳು ಹೇಳಿ ಬೆಂಚಿನ ಮೇಲೆ ಕುಳಿತೆ. ಇಲ್ಲದ ಗೆಳೆಯನ ದಾರಿ ನೋಡುತ್ತ ಒಂದು ತಾಸು ಕುಳಿತೆನೆಂದರೆ ನನ್ನ ಹಟ ಎಂಥದೆಂದು ನೀವೇ ತಿಳಿಯಿರಿ.

ಅಂಗಡಿಯ ಮುಂದೆ ಗೋಣಿತಟ್ಟು ಹಾಸಿಕೊಂಡು ರಿಪೇರಿ ಮಾಡುವ ಮುದುಕರೊಬ್ಬರಿದ್ದರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಅವರು ಕೈಗೆ ಹತ್ತಿದ ಎಣ್ಣೆ ಒರೆಸಿಕೊಂಡು ಎದ್ದು ಬಂದು, "ಸಾವಕಾರ್ರ, ಇವರ ಜೋಡಿ ಬಂದಾಂವ ನಾನ ಅದೇನಿ" ಎಂದರು. ಸಾಹುಕಾರರು ನಕ್ಕರು. ನನಗೆ ನಗು ಬರಲಿಲ್ಲ.

ಚಾಚಾ ಎರಡೂ ಗಾಡಿಯ ಚಕ್ರ ತಿರುಗಿಸಿ ಕಿವಿಗೊಟ್ಟರು. "ಹೊಸಾದು ಒಯ್ಯಿರಿ. ವರ್ಷಗಟ್ಟಲೆ ನನ್ನ ಮಾರಿ ನೋಡೂದು ಬ್ಯಾಡ. ಈ ಹೋದ ವರ್ಷದ್ದು ನಿಂತು ನಿಂತು ಬಿಗದೈತಿ, ಹದಿನೈದು ದಿನಕ್ಕೊಮ್ಮೆ ನನ್ನ ಕಡೆ ಬರಬೇಕಾಗ್ತೈತಿ."

"ಹೋದ ವರ್ಷದ್ದ ಕೊಡ್ರಿ" ಎಂದೆ.

ಹತ್ತು ರೂಪಾಯಿ ಉಳಿಸಲೆಂದೇ ಅದನ್ನು ಕೊಂಡೆನೆಂದು ಶಾಲೆಯಲ್ಲಿ ಜಂಬ ಕೊಚ್ಚಿಕೊಂಡೆ. ಅದು ಎರಡನೆಯ ಸುಳ್ಳು.

ಆಮೇಲೆ ಹದಿನೈದು ದಿನಕ್ಕೊಮ್ಮೆ, ರವಿವಾರ, ಹನ್ನೆರಡು ಮೈಲು ತುಳಿದು ಹುಬ್ಬಳ್ಳಿಗೆ. ಧಾರವಾಡದಲ್ಲಿ ರಿಪೇರಿಯವರು ಇರಲಿಲ್ಲವೆಂದಲ್ಲ. ಚಾಚಾ ಗಾಲಿ ಬಿಚ್ಚುತ್ತ, ಎಣ್ಣೆ ಬಿಡುತ್ತ, ಮಗಳ ಮನೆಯ ಸುದ್ದಿ ಹೇಳುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು ಚಹಾ ಕುಡಿಯುತ್ತಿದ್ದೆ, ನಡುನಡುವೆ ನಾನೂ ಮಾತಾಡುತ್ತಿದ್ದೆ. ಆ ಎರಡು ತಾಸಿಗಾಗಿ ಎರಡು ವಾರ ಕಾಯುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಗಾಲಿಯ ಅಚ್ಚಿಗೆ ಉಕ್ಕಿನ ಹೊಸ ಗುಂಡು ಹಾಕಿ ಚಕ್ರ ತಿರುಗಿಸಿ ತೋರಿಸಿದರು. "ಖರೇ ಹೇಳ್ತೇನಿ, ಇನ್ನ ಎರಡು ವರ್ಷ ಈ ಕಡೆ ಬರೂದ ಬ್ಯಾಡ್ರಿ" ಎಂದು ಹೆಮ್ಮೆಯಿಂದ ನಕ್ಕರು. ಧಾರವಾಡದವರೆಗೆ ಸಪ್ಪಳವಿಲ್ಲದೆ ಓಡಿದ ಆ ಗಾಡಿಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಎರಡು ರವಿವಾರ ಕೋಣೆಯಲ್ಲೇ ಕಳೆದೆ. ಮೂರನೆಯ ರವಿವಾರ ಇಕ್ಕಳ ಹಿಡಿದು ಹಿಂದಿನ ಚಕ್ರದ ಎರಡು ಕಡ್ಡಿ ಬಗ್ಗಿಸಿ ಹುಬ್ಬಳ್ಳಿಗೆ ಹೊರಟೆ. "ಕಲ್ಲಿಗೆ ಬಡೀತ್ರಿ" ಎಂದೆ. ಚಾಚಾ ಇಕ್ಕಳದ ಹಲ್ಲಿನ ಗುರುತಿನ ಮೇಲೆ ಬೆರಳಾಡಿಸಿದರು. ಕಡ್ಡಿ ನೆಟ್ಟಗೆ ಮಾಡಿ, ಚಹಾ ತರಿಸಿ, ಗೋಣಿತಟ್ಟಿನ ಮೇಲೆ ಸರಿದು ಅರ್ಧ ಜಾಗ ಬಿಟ್ಟರು.

"ಗಾಡಿ ಮುರೀಬ್ಯಾಡ್ರಿ, ಮಾಸ್ತರ. ಹಂಗ ಬರ್ರಿ."

ಕಾರಣವಿಲ್ಲದೆ ಒಬ್ಬರ ಹತ್ತಿರ ಹೋಗುವುದು ನಲವತ್ತು ದಾಟಿದ ನನಗೆ ಗೊತ್ತೇ ಇರಲಿಲ್ಲ. ಮುಂದಿನ ರವಿವಾರ ಸೈಕಲ್ಲನ್ನು ಒಳಗೆ ಗೋಡೆಗೆ ಒರಗಿಸಿ ಹೊಸ್ತಿಲಲ್ಲಿ ಬಹಳ ಹೊತ್ತು ನಿಂತೆ. ಆಮೇಲೆ ಬೀಗ ಹಾಕಿ, ಬರಿಗೈಯಲ್ಲಿ, ಹುಬ್ಬಳ್ಳಿಯ ರೈಲು ಹಿಡಿಯಲು ಸ್ಟೇಷನ್ನಿನ ಕಡೆಗೆ ನಡೆದೆ.