ಮೂರು ಗೆರೆಯ ಬೆಸುಗೆ

ನಂಜನಗೂಡಿನ ನಮ್ಮ ರಸ್ತೆಯಲ್ಲಿ ಬಸವಪ್ರಸಾದನಷ್ಟು ಜಂಬದ ಮೆಕ್ಯಾನಿಕ್ ಇನ್ನೊಬ್ಬನಿಲ್ಲ. ಟಿ. ನರಸೀಪುರದಿಂದ ಬಂದು ನನ್ನ ಪಂಕ್ಚರ್ ಅಂಗಡಿಯ ಪಕ್ಕ ಶೆಡ್ ಹಾಕಿದ ದಿನದಿಂದ ಆ ಜಂಬವನ್ನು ಸಹಿಸಿಕೊಂಡಿದ್ದೇನೆ. ಡೀಸೆಲ್ ಗಾಡಿಯ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಾನೆ. ಬೆಸುಗೆ ಹಾಕಿದರೆ ಕೊನೆಗೆ ವಿಭೂತಿ ಬಳಿದಂತೆ ಮೂರು ಗೆರೆ ಎಳೆಯದೆ ಬಿಡುವುದಿಲ್ಲ. ಭಕ್ತಿಯೂ ಹೌದು, ಇದು ನನ್ನ ಕೆಲಸ ಎಂಬ ರುಜುವೂ ಹೌದು.

ಹೋದ ವಾರ ಸೋಮವಾರ ಸುತ್ತೂರು ಕಡೆಯ ವನಿತಾ ತನ್ನ ವ್ಯಾನ್ ತಂದಳು. ಹೆಂಗಸರನ್ನು ಕಾರ್ಖಾನೆಗೆ ಬಿಡುವ ಗಾಡಿ, ಹೋದ ತಿಂಗಳಷ್ಟೇ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಕೊಂಡಾಗ ಆರಿದ್ದ ಡ್ಯಾಶ್‌ಬೋರ್ಡಿನ ಎಂಜಿನ್ ದೀಪ ವಾರದಲ್ಲೇ ಹತ್ತಿತಂತೆ. ಶುಕ್ರವಾರ ಆರ್‌ಟಿಒದಲ್ಲಿ ಎಫ್‌ಸಿ ತಪಾಸಣೆ. ಪಾಸಾಗದಿದ್ದರೆ ಸೋಮವಾರದಿಂದ ಆ ಟ್ರಿಪ್ಪು ಬೇರೆ ಗಾಡಿಗೆ ಹೋಗುತ್ತದೆ ಎಂದಳು.

ಬಸವಪ್ರಸಾದ ಸ್ಕ್ಯಾನರ್ ಸಿಕ್ಕಿಸಿದ. ಪಿ 0420 ಎಂಬ ಕೋಡ್ ಬಂತು. ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಕೋಡ್ ಹೇಳಿದ್ದನ್ನೆಲ್ಲ ನಂಬಬಾರದೆಂದು ನನಗೊಂದು ಭಾಷಣ ಬಿಗಿದು, ಕೋಡ್ ಅಳಿಸಿ ತಾಂಡವಪುರದವರೆಗೆ ಓಡಿಸಿದ. ವಾಪಸ್ ಬರುವಷ್ಟರಲ್ಲಿ ದೀಪ ಮತ್ತೆ ಹತ್ತಿತ್ತು. ಸೆನ್ಸರ್ ಬದಲಿಸಿದ. ಪೈಪಿನಲ್ಲಿ ಸೋರಿಕೆ ಹುಡುಕಿದ. ಇಂಜೆಕ್ಟರ್ ಬಿಚ್ಚಿ ನೋಡಿದ. ಎಲ್ಲ ಸರಿಯಿತ್ತು, ದೀಪ ಮಾತ್ರ ಆರಲಿಲ್ಲ. ಊಟಕ್ಕೆ ಕರೆದರೆ ನನ್ನ ಮೇಲೇ ಹಾರಾಡಿದ. ನನಗೆ ಸಿಟ್ಟೂ ಬಂತು, ಅಯ್ಯೋ ಪಾಪ ಅಂತಲೂ ಅನ್ನಿಸಿತು.

ಗುರುವಾರ ಬೆಳಿಗ್ಗೆ ವನಿತಾಳ ಎದುರಿಗೇ ಕನ್ವರ್ಟರ್ ಇಳಿಸಿದ. ಸುತ್ತಿಗೆಯಿಂದ ತಟ್ಟಿದರೆ ಖಾಲಿ ಬಿಂದಿಗೆಯ ಸದ್ದು. ಒಳಗೆ ಇರಬೇಕಾದ ಜಾಲರಿಯೇ ಇಲ್ಲ. ಪಿಕಪ್ ಬರಲಿ ಅಂತ ಯಾರೋ ಅದರ ಹೊಟ್ಟೆ ಕುಯ್ದು, ಜಾಲರಿ ಕಿತ್ತು, ಮತ್ತೆ ಬೆಸೆದಿದ್ದರು. ಆ ಮನೆಹಾಳನನ್ನು ಬಾಯಿಗೆ ಬಂದಂತೆ ಬಯ್ಯುತ್ತ ಮಸಿ ಒರೆಸುತ್ತಿದ್ದ ಬಸವಪ್ರಸಾದ ತಟ್ಟನೆ ಸುಮ್ಮನಾದ. ಬೆಸುಗೆಯ ತುದಿಯಲ್ಲಿ ಮೂರು ಗೆರೆಗಳಿದ್ದವು.

ನರಸೀಪುರದಲ್ಲಿದ್ದಾಗ ಕೇಳಿದವರಿಗೆಲ್ಲ ಹೀಗೆ ಮಾಡಿಕೊಟ್ಟಿದ್ದನಂತೆ. ಎಷ್ಟು ಗಾಡಿಯೋ, ಅವನಿಗೂ ನೆನಪಿಲ್ಲ. ವನಿತಾಗೆ ಆ ಗೆರೆಗಳ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನನಗೆ. ಅವನು ನನ್ನ ಮುಖ ನೋಡಿದ. ನಾನು ಟೈರ್ ಕಡೆ ತಿರುಗಿಕೊಂಡೆ.

"ಇದ್ನ ಕುಯ್ದೋನು ನಾನೇ ಕಣವ್ವ," ಎಂದ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಯಾರ್ ಕುಯ್ದ್ರೇನಣ್ಣ, ನಾಳೀಕೆ ಆಯ್ತದಾ ಇಲ್ವಾ?"

ಮೈಸೂರಿನ ನಾಲ್ಕು ಅಂಗಡಿಗೆ ಫೋನ್ ಮಾಡಿದ. ಹೊಸ ಕನ್ವರ್ಟರ್ ಬರಲು ಹದಿನೈದು ದಿನ ಬೇಕೆಂದರು. ಎಲ್ಲಾದರೂ ಹಳೆಯದು ಸಿಗುತ್ತದಾ ಅಂತ ನಾನೂ ಗುಜರಿಗಳನ್ನೆಲ್ಲ ಕೇಳಿದೆ. ಸಿಕ್ಕಿದ ಎರಡೂ ಒಳಗೆ ಖಾಲಿ.

ಈ ಸೋಮವಾರ ಬೆಳಿಗ್ಗೆ ಅದೇ ಹೆಂಗಸರನ್ನು ಹತ್ತಿಸಿಕೊಂಡು ಬೇರೊಂದು ಡೀಸೆಲ್ ಗಾಡಿ ನಮ್ಮ ಮುಂದೆಯೇ ಹೋಯಿತು. ಸದ್ದು ಸರಿಯಿರಲಿಲ್ಲ. ಅದರ ಕಾಯಿಲೆ ಏನೆಂದು ಬಸವಪ್ರಸಾದ ಹೇಳಲಿಲ್ಲ, ನಾನೂ ಕೇಳಲಿಲ್ಲ.